ನೆಗೆಟಿವ್ ಜೋಪಾನವಾಗಿದೆ

ಕಳೆದ ಮಂಗಳವಾರ ಬೆಳಗ್ಗೆ ಎರಡನೇ ಕಾಫಿ ಹಿಡಿದು ಕೂತಿದ್ದೆ. ಒಂದು ಮೇಲ್ ಬಂತು. ‘ನಿಮ್ಮ ಇನ್ನೊಂದು ಮೇಲ್‌ಬಾಕ್ಸ್ ತುಂಬಿಹೋಗಿದೆ, ಜಾಗ ಖಾಲಿ ಮಾಡಿಕೊಳ್ಳಿ’ ಅಂತ. ಯಾವ ಇನ್ನೊಂದು? ಹಾಗೊಂದು ಇದೆ ಅನ್ನುವುದೇ ನನಗೆ ಮರೆತುಹೋಗಿತ್ತು.

ಪಾಸ್‌ವರ್ಡ್ ನೆನಪು ಮಾಡಿಕೊಳ್ಳಲು ಅರ್ಧ ಗಂಟೆ ಹಿಡಿಯಿತು. ತೆರೆದೆ. ಎಲ್ಲಕ್ಕಿಂತ ಕೆಳಗಿದ್ದ ಪತ್ರ ನನ್ನದೇ. ‘ಟೆಸ್ಟ್ ಟೆಸ್ಟ್. ಇವತ್ತು ತಿಂಡಿ ಉಪ್ಪಿಟ್ಟು.’ ಅದರ ಮೇಲೆ ನೂರ ಹದಿನಾಲ್ಕು ಪತ್ರಗಳು, ಹೆಚ್ಚಿನವಕ್ಕೆ ಫೋಟೋಗಳನ್ನೂ ಲಗತ್ತಿಸಿದ್ದರು. ಒಂದನ್ನೂ ಯಾರೂ ತೆರೆದಿರಲಿಲ್ಲ.

ಮೊದಲ ನಾಲ್ಕು ಓದುವಷ್ಟರಲ್ಲಿ ಲೋಟ ಕೆಳಗಿಟ್ಟೆ. ಕಾಫಿ ಹಾಗೇ ಆರಿಹೋಯಿತು.

ಈ ಅಂಕಣ ಓದುವವರಿಗೆ ಗೊತ್ತು, ನನಗೆ ಎರಡು ಕಸುಬು. ವಾರಕ್ಕೊಂದು ದಿನ ಇಲ್ಲಿ ಕೂತು ನಿಮಗೆಲ್ಲ ಬುದ್ಧಿ ಹೇಳುವುದು. ಉಳಿದ ದಿನ ಮೈಸೂರಿನ ಚಾಮರಾಜಪುರಂನ ಮನೆಯ ಮುಂದಿನ ಕೋಣೆಯಲ್ಲಿ ಕೂತು ಅಂಗಡಿಗಳಿಗೆ ಲೋಗೋ, ಬೋರ್ಡು, ವೆಬ್‌ಸೈಟು ಮಾಡಿಕೊಡುವುದು. ಎರಡರಲ್ಲೂ ನಾನು ಗಟ್ಟಿಗಿತ್ತಿ ಎಂಬ ಜಂಬ ಇತ್ತು. ಆ ಜಂಬಕ್ಕೆ ದಂಡ ಕಟ್ಟಿದವರು ಮಾತ್ರ ಬೇರೆಯವರು. ಅದನ್ನು ನಿಮಗೆ ಹೇಳದೆ ಬೇರೆ ಏನನ್ನು ಬರೆಯಲು ಕೂತರೂ ಈ ವಾರ ಕೈ ಓಡುತ್ತಿಲ್ಲ.

ಅಗ್ರಹಾರದಲ್ಲಿ ‘ಮಂದಹಾಸ ಸ್ಟುಡಿಯೋ’ ಅಂತ ಒಂದಿದೆ. (ಹೆಸರು, ಜಾಗ, ನಂಬರ್ ಎಲ್ಲ ಬದಲಿಸಿದ್ದೇನೆ, ಯಾಕೆ ಅಂತ ಕೊನೆಗೆ ಗೊತ್ತಾಗುತ್ತದೆ.) ಹೂವಿನ ಅಂಗಡಿಗೂ ಸ್ವೀಟ್ ಅಂಗಡಿಗೂ ನಡುವೆ ಸಿಕ್ಕಿಕೊಂಡಿರುವ ಹತ್ತಡಿ ಅಗಲದ ಜಾಗ. ನಡೆಸುವವರು ಸಿದ್ದರಾಜು. ಹದಿನೇಳನೇ ವಯಸ್ಸಿಗೆ ನಂಜನಗೂಡು ಕಡೆಯ ಹಳ್ಳಿಯಿಂದ ಬಂದು, ಇದೇ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಪ್ರಿಂಟ್ ತೊಳೆಯುವ ಕೆಲಸಕ್ಕೆ ಸೇರಿದವರು. ಹಳೆಯ ಮಾಲೀಕರು ಕೈಬಿಟ್ಟಾಗ ತಾವೇ ವಹಿಸಿಕೊಂಡರು. ಈಗ ಎಪ್ಪತ್ತು ದಾಟಿದೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಕನ್ನಡಿ, ಕನ್ನಡಿಯ ಮುಂದೆ ದಾರ ಕಟ್ಟಿದ ಬಾಚಣಿಗೆ. (ದಾರ ಯಾಕೆ ಅಂದರೆ, ಪಾಸ್‌ಪೋರ್ಟ್ ಫೋಟೋಗೆ ಬಂದವರು ಬಾಚಣಿಗೆಯನ್ನು ಜೇಬಿಗೆ ಹಾಕಿಕೊಂಡು ಹೋಗಿಬಿಡುತ್ತಾರಂತೆ.)

ಹೋದ ವರ್ಷ ಯುಗಾದಿಗೆ ಎರಡು ತಿಂಗಳು ಮುಂಚೆ ಅವರು ನನ್ನ ಮನೆಗೆ ಬಂದರು. ವೆಬ್‌ಸೈಟ್ ಬೇಕು ಅಂದರು. ನಾನು ಅಂದುಕೊಂಡೆ, ಮದುವೆ ಆರ್ಡರ್‌ಗಳಿಗೆ ಇರಬೇಕು ಅಂತ.

“ಅದಲ್ಲ ಮೇಡಂ. ಒಳಗಡೆ ರೂಮಲ್ಲಿ ನೆಗೆಟಿವ್ ಅವೆ. ನಮ್ ಯಜಮಾನ್ರ ಕಾಲದಿಂದ ಇರೋವು. ಬಿಲ್ಡಿಂಗ್ನೋರು ರೂಮು ಬುಟ್ಕೊಡಿ ಅಂತಾವ್ರೆ, ಸ್ವೀಟಂಗ್ಡಿ ಗೋಡೌನ್ ಮಾಡ್ಕೋತಾರಂತೆ. ನಾನು ಬರೋ ಯುಗಾದಿಯಿಂದ ಒಂದು ವರ್ಷ ಟೈಮ್ ಕೇಳಿವ್ನಿ. ಅಷ್ಟರಲ್ಲಿ ಆ ಫೋಟೋದ ಜನ ಬಂದು ಕೇಳಿದ್ರೆ, ಬೇರೆ ಕಡೆ ರೂಮ್ ಮಾಡಿ ಆದ್ರೂ ಇಟ್ಕೋತೀನಿ. ಯಾರ್ಗೂ ಬ್ಯಾಡ ಅಂದ್ರೆ ನಾನ್ಯಾಕೆ ಕಟ್ಕೊಂಡು ಸಾಯ್ಲಿ?”

ಆ ಕೋಣೆ ನೋಡಲು ಹೋದೆ. ನೆಲದಿಂದ ಸೂರಿನವರೆಗೆ ಬಿಸ್ಕತ್ ಡಬ್ಬಗಳು. ಒಂದೊಂದರ ಮೇಲೂ ಬಣ್ಣದಲ್ಲಿ ಬರೆದ ನಂಬರ್. ಒಳಗೆ ಬೆಣ್ಣೆ ಕಾಗದದ ಪುಟ್ಟ ಲಕೋಟೆಗಳು, ಲಕೋಟೆಗೊಂದು ನೆಗೆಟಿವ್. ಜೊತೆಗೆ ದಪ್ಪ ರಿಜಿಸ್ಟರ್‌ಗಳು: ನಂಬರ್, ಹೆಸರು, ಯಾವ ಡಬ್ಬ. ಸಿದ್ದರಾಜು ಹಳೆಯ ಹಳದಿ ಕವರ್ ಒಂದನ್ನು ಕೈಗಿಟ್ಟರು. ಫೋಟೋ ಹಾಕಿಕೊಡುತ್ತಿದ್ದ ಕವರ್. ಅದರ ಹಿಂದೆ ಅಚ್ಚಾಗಿತ್ತು: ‘ನೆಗೆಟಿವ್ ಜೋಪಾನವಾಗಿದೆ. ಪ್ರತಿ ಬೇಕಾದವರು ನಂಬರ್ ತಿಳಿಸಿ.’

“ಇಂಗೆ ಪ್ರಿಂಟ್ ಮಾಡ್ಸಿ ಕೊಟ್ಟಿವ್ನಲ್ಲ ಮೇಡಂ, ಮಾತು ಕೊಟ್ಟಂಗಲ್ವಾ?” ಅಂದರು.

ಡಿಸೈನರ್‌ಗೆ ಇನ್ನೇನು ಬೇಕು? ನನಗೆ ಹುರುಪು ಬಂದುಬಿಟ್ಟಿತು. ಮಾಮೂಲಿ ಕ್ಯಾಮೆರಾ ಚಿತ್ರ, ಲೆನ್ಸ್ ಚಿತ್ರ, ಎಲ್ಲ ಬಿಸಾಕಿದೆ. ಅವರು ಫೋಟೋದ ಹಿಂದೆ ಒತ್ತುತ್ತಿದ್ದ ನಂಬರಿನ ರಬ್ಬರ್ ಸ್ಟ್ಯಾಂಪನ್ನೇ ಲೋಗೋ ಮಾಡಿದೆ. ಬಣ್ಣ, ಆ ಕವರಿನ ಹಳದಿ. ಅಕ್ಷರ, ಅಂಗಡಿಯ ಬೋರ್ಡಿನ ಮೇಲೆ ಯಾರೋ ಪೇಂಟರ್ ಕೈಯಲ್ಲಿ ಬರೆದಿದ್ದ ಗುಂಡು ಗುಂಡನೆಯ ಅಕ್ಷರ. ಒಂದೊಂದು ವಿಸಿಟಿಂಗ್ ಕಾರ್ಡಿಗೂ ಒಂದೊಂದು ನಂಬರ್. ಟ್ಯಾಗ್‌ಲೈನ್ ಬೇರೆ ಹುಡುಕಲೇ ಇಲ್ಲ. ‘ನೆಗೆಟಿವ್ ಜೋಪಾನವಾಗಿದೆ’, ಅಷ್ಟೇ.

ಸಿದ್ದರಾಜುಗೆ ಮೊದಲು ಸಮಾಧಾನವಾಗಲಿಲ್ಲ. “ಕ್ಯಾಮೆರಾನೇ ಇಲ್ದೆ ಸ್ಟುಡಿಯೋ ಅಂತ ಎಂಗೆ ಗೊತ್ತಾಯ್ತದೆ?” ಅಂದರು. ನಾನು ಡಿಸೈನ್ ಬಗ್ಗೆ ಹದಿನೈದು ನಿಮಿಷ ಪಾಠ ಮಾಡಿದೆ. ಒಪ್ಪಿಕೊಂಡರು. ಓದಿದವರು ಹದಿನೈದು ನಿಮಿಷ ಮಾತಾಡಿದರೆ ನಮ್ಮಲ್ಲಿ ಯಾರು ತಾನೆ ಒಪ್ಪುವುದಿಲ್ಲ?

ಅವರು ಪಟ್ಟು ಹಿಡಿದದ್ದು ಒಂದೇ ವಿಷಯಕ್ಕೆ. ಫೋನ್ ನಂಬರ್ ದೊಡ್ಡದಾಗಿ ಹಾಕಬೇಕು ಅಂತ. ನಾನು ಬೇಡ ಅಂದೆ. ಪುಟ ಕ್ಲೀನ್ ಆಗಿರಲಿ, ಫೋನ್ ಮಾಡಿ ಜನ ತಲೆ ತಿನ್ನುತ್ತಾರೆ, ಎಲ್ಲ ಒಂದು ಫಾರ್ಮ್ ಮೂಲಕ ಬರಲಿ, ಲೆಕ್ಕ ಚೊಕ್ಕವಾಗಿರುತ್ತೆ. ಹೀಗಂದು ಒಂದು ಪುಟ ಮಾಡಿದೆ. ‘ನಿಮ್ಮ ಹಳೆಯ ಫೋಟೋದ ಹಿಂದಿನ ನಂಬರ್ ಬರೆಯಿರಿ. ಅಂಗಡಿಗೆ ಬರುವ ಅಗತ್ಯವಿಲ್ಲ. ಹುಡುಕಿ ತಿಳಿಸುತ್ತೇವೆ.’ ಕಳಿಸಿದ ತಕ್ಷಣ ಪರದೆಯ ಮೇಲೆ ಇನ್ನೊಂದು ಸಾಲು: ‘ನಿಮ್ಮ ಕೋರಿಕೆ ತಲುಪಿದೆ. ಮೂರು ದಿನದಲ್ಲಿ ಉತ್ತರ ಬರುತ್ತದೆ.’

ಆ ಸಾಲು ಬರೆದವಳೂ ನಾನೇ.

ಈಗ ತಪ್ಪಿಗೆ ಬರುತ್ತೇನೆ. ನಮ್ಮ ಕಸುಬಿನವರಿಗೆ ಇದು ಕೂಡಲೇ ಗೊತ್ತಾಗುತ್ತದೆ, ಬಹುಶಃ ಆಗಲೇ ಗೊತ್ತಾಗಿರುತ್ತದೆ. ವೆಬ್‌ಸೈಟ್ ಕಟ್ಟುವಾಗ ಫಾರ್ಮ್ ಕೆಲಸ ಮಾಡುತ್ತಿದೆಯೇ ಅಂತ ನೋಡಲು ನಮ್ಮದೇ ಒಂದು ತಾತ್ಕಾಲಿಕ ಮೇಲ್ ವಿಳಾಸ ಕೊಟ್ಟಿರುತ್ತೇವೆ. ಟೆಸ್ಟ್ ಮಾಡಲಿಕ್ಕೆ. ಎಲ್ಲ ಮುಗಿದ ಮೇಲೆ ಅದನ್ನು ತೆಗೆದು ಅಂಗಡಿಯವರ ವಿಳಾಸ ಹಾಕಬೇಕು. ಎರಡು ನಿಮಿಷದ ಕೆಲಸ. ನಾನು ಉಪ್ಪಿಟ್ಟಿನ ಸುದ್ದಿ ಕಳಿಸಿದೆ, ಬಂತು, ‘ಆಹಾ’ ಅಂದೆ, ವಿಳಾಸ ಬದಲಿಸಲು ಮರೆತೆ.

ಅಷ್ಟೇ. ಅಷ್ಟೇ ಆದದ್ದು.

ಹೋದ ವರ್ಷ ಯುಗಾದಿಗೆ ವೆಬ್‌ಸೈಟ್ ಶುರುವಾಯಿತು. ಬೇವು ಬೆಲ್ಲ ತಂದುಕೊಟ್ಟರು ಸಿದ್ದರಾಜು. ಮುಂದಿನ ತಿಂಗಳಿನಿಂದ, ಒಂದನೇ ತಾರೀಖು ತಪ್ಪದೆ ಫೋನ್.

“ಮೇಡಂ, ನಮ್ ಇಮೇಲ್ಗೆ ಏನೂ ಬಂದಿಲ್ಲ. ನಿಮ್ಗೇನಾದ್ರೂ ಗೊತ್ತಾಯ್ತಾ? ಯಾರಾದ್ರೂ ಕೇಳಿದ್ರಾ?”

ನಾನು ಎಷ್ಟು ಜನ ಪುಟ ನೋಡಿದ್ದಾರೆ ಅಂತ ನೋಡುತ್ತಿದ್ದೆ. ನೋಡಿದವರು ಬೇಕಾದಷ್ಟಿದ್ದರು. “ನೋಡ್ತಿದ್ದಾರೆ ಸರ್, ಕೇಳ್ತಿಲ್ಲ. ಈಗಿನವರು ಹಾಗೇ” ಅನ್ನುತ್ತಿದ್ದೆ. ಒಂದು ತಿಂಗಳಲ್ಲ, ಹನ್ನೆರಡು ತಿಂಗಳು. ಇಷ್ಟು ಜನ ನೋಡಿ ಒಬ್ಬರೂ ಯಾಕೆ ಕೇಳಲಿಲ್ಲ ಅಂತ ಒಂದು ಸಲವಾದರೂ ಅನುಮಾನ ಬರಬೇಕಿತ್ತಲ್ಲವೇ? ಬರಲಿಲ್ಲ. ಜನ ಸರಿಯಿಲ್ಲ ಅಂತ ತೀರ್ಮಾನಿಸಿದವರಿಗೆ ತಮ್ಮ ಕೆಲಸದ ಮೇಲೆ ಅನುಮಾನ ಎಲ್ಲಿಂದ ಬರಬೇಕು?

ಸಾಲದು ಅಂತ, ಅದರ ಮೇಲೆ ಅಂಕಣವನ್ನೂ ಬರೆದೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಇದೇ ಜಾಗ, ದೀಪಾವಳಿ ಕಳೆದ ವಾರ. ಮೈಸೂರಿಗರಿಗೆ ಪರಂಪರೆ ಅಂದರೆ ಅರಮನೆಯ ಮುಂದೆ ನಿಂತ ಸೆಲ್ಫಿ, ಸ್ವಂತ ಅಜ್ಜಿಯ ಮುಖ ಬೇಡ, ಅಂತೆಲ್ಲ ಬರೆದಿದ್ದೆ. ಸ್ಟುಡಿಯೋ ಹೆಸರು ಹಾಕಿರಲಿಲ್ಲ, ಡಬ್ಬಗಳ ಕಥೆ ಪೂರ್ತಿ ಹಾಕಿದ್ದೆ. ‘ಸತ್ಯ ಹೇಳಿದಿರಿ’, ‘ಕಪಾಳಕ್ಕೆ ಹೊಡೆದ ಹಾಗಿದೆ’ ಅಂತ ನೀವೆಲ್ಲ ಹೊಗಳಿದ್ದಿರಿ. ಆ ವಾರ ನಾನು ನೆಲದ ಮೇಲೆ ನಡೆಯಲಿಲ್ಲ.

ಈಗ ಆ ನೂರ ಹದಿನಾಲ್ಕು ಪತ್ರಗಳು. ಎಲ್ಲವನ್ನೂ ಹೇಳುವ ಶಕ್ತಿ ನನಗಿಲ್ಲ. ತಿಪಟೂರಿನ ರಿಟೈರ್ಡ್ ಮೇಷ್ಟರೊಬ್ಬರಿಗೆ ತಮ್ಮ ಕಾಲೇಜು ಗೆಳೆಯರ ಗ್ರೂಪ್ ಫೋಟೋ ಬೇಕಿತ್ತು, ಐದು ಜನರಲ್ಲಿ ಉಳಿದಿರುವವರು ಅವರೊಬ್ಬರೇ. ಒಬ್ಬ ಹುಡುಗಿಗೆ ಅಪ್ಪ ಅಮ್ಮನ ಮದುವೆಯ ಮೊದಲ ಫೋಟೋ ಬೇಕಿತ್ತು, ಅವರ ಷಷ್ಟ್ಯಬ್ದಿಗೆ ಕೊಡಲು. ಆ ಷಷ್ಟ್ಯಬ್ದಿ ಮುಗಿದು ಎಂಟು ತಿಂಗಳಾಗಿದೆ.

ಉದಯಗಿರಿಯ ಶಾಹೀನ್ ಎಂಬವರು ಮೂರು ಸಲ ಬರೆದಿದ್ದರು. ಮೊದಲ ಸಲ: ‘ನಮ್ಮ ಅಮ್ಮ ಜಮೀಲಾ ಮದುವೆಗೆ ಮುಂಚೆ ನಿಮ್ಮಲ್ಲಿ ಫೋಟೋ ತೆಗೆಸಿದ್ದರು. ಅವರದು ಇದ್ದದ್ದೇ ಅದೊಂದು ಫೋಟೋ. ಮನೆಯಲ್ಲಿದ್ದ ಪ್ರತಿಯನ್ನು ಗೆದ್ದಲು ತಿಂದಿದೆ. ಹಿಂದಿನ ನಂಬರ್ ಇರುವ ಚೂರು ಮಾತ್ರ ಉಳಿದಿದೆ, 7316. ನಾನು ಹುಟ್ಟಿದ ವಾರವೇ ಅಮ್ಮ ತೀರಿಕೊಂಡರು. ಆ ಫೋಟೋ ನೋಡಿ ನೆನಪಿಟ್ಟುಕೊಳ್ಳುವ ವಯಸ್ಸಿಗೆ ಮುಂಚೆಯೇ ಅದು ಹಾಳಾಗಿತ್ತು. ಅವರ ಮುಖ ಹೇಗಿತ್ತು ಅಂತ ನನಗೆ ಗೊತ್ತಿಲ್ಲ.’ ಆ ಚೂರಿನ ಚಿತ್ರವನ್ನೂ ಕಳಿಸಿದ್ದರು.

ಎರಡನೇ ಸಲ, ತಿಂಗಳಾದ ಮೇಲೆ: ‘ನಿಮಗೆ ಕೆಲಸ ಜಾಸ್ತಿ ಇರಬಹುದು. ನಿಧಾನವಾಗಿ ಹುಡುಕಿ, ಪರವಾಗಿಲ್ಲ.’

ಮೂರನೇ ಸಲ, ಈ ಜನವರಿಯಲ್ಲಿ: ‘ಸಿಗಲಿಲ್ಲ ಅಂತಾದರೂ ಒಂದು ಸಾಲು ಬರೆಯಿರಿ.’

ನಾನು ಅಗ್ರಹಾರಕ್ಕೆ ಹೊರಟೆ. ದಾರಿಯುದ್ದಕ್ಕೂ ಒಂದೇ ಆಸೆ: ಸಿದ್ದರಾಜು ಸೋಮಾರಿಯಾಗಿರಲಿ, ಡಬ್ಬ ಇನ್ನೂ ಅಲ್ಲೇ ಬಿದ್ದಿರಲಿ. ಈ ವರ್ಷದ ಯುಗಾದಿ ಮುಗಿದ ಮೇಲೆ ಅವರ ಫೋನ್ ಬಂದಿರಲಿಲ್ಲ. ನಾನೂ ಮಾಡಿರಲಿಲ್ಲ. (ಕೆಲಸ ಮುಗಿದ ಗಿರಾಕಿಗೆ ಯಾರು ಫೋನ್ ಮಾಡುತ್ತಾರೆ?)

ಅಂಗಡಿಯೊಳಗೆ ಅವರು ಕಾಲೇಜು ಹುಡುಗಿಯೊಬ್ಬಳ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದರು. “ಗಲ್ಲ ಒಸಿ ಕೆಳಕ್ಕೆ ಕಣಮ್ಮ, ಅಂಗೇ ಇರು.” ಒಳಕೋಣೆಯ ಬಾಗಿಲು ತೆರೆದಿತ್ತು. ಅಲ್ಲಿ ಎಣ್ಣೆ ಟಿನ್ನುಗಳು, ಸಕ್ಕರೆ ಮೂಟೆಗಳು. ಹುಡುಗಿ ಹೋಗುವವರೆಗೆ ನಾನು ಸ್ಟೂಲಿನ ಮೇಲೆ ಕೂತಿದ್ದೆ. ಆಮೇಲೆ ಹೇಳಿದೆ. ಒಂದೇ ಉಸಿರಿಗೆ, ಸುತ್ತುಬಳಸದೆ.

ಅವರಿಗೆ ಟೆಸ್ಟ್ ವಿಳಾಸದ ಭಾಗ ಅರ್ಥವಾಗಲಿಲ್ಲ. ಅರ್ಥವಾದದ್ದು ಒಂದೇ.

“ಎಷ್ಟು ಪತ್ರ ಅಂದ್ರಿ?”

“ನೂರ ಹದಿನಾಲ್ಕು.”

ಅವರ ಮುಖ ಅರಳಿತು. ಸುಳ್ಳಲ್ಲ, ಅರಳಿತು! “ನೂರ ಹದಿನಾಲ್ಕಾ! ನೋಡಿದ್ರಾ ಮೇಡಂ? ನಾನೇಳಿರ್ಲಿಲ್ವಾ, ಕೇಳೇ ಕೇಳ್ತಾರೆ ಅಂತ?” ಅಂದರು. ಆ ಒಂದು ನಿಮಿಷ ಅವರು ಗೆದ್ದವರ ಹಾಗಿದ್ದರು. ನನಗೆ ಅದನ್ನು ನೋಡಲಾಗಲಿಲ್ಲ.

ಆಮೇಲೆ ಮೇಜಿನ ಕೆಳಗಿನಿಂದ ರಿಜಿಸ್ಟರ್‌ಗಳನ್ನು ಎಳೆದರು. ಅವನ್ನು ಮಾರಿರಲಿಲ್ಲ. “ಓದಿ” ಅಂದರು. ನಾನು ಫೋನಿನಲ್ಲಿ ನಂಬರ್ ಓದಿದೆ. ಅವರು ಪುಟ ತಿರುಗಿಸಿ ಹೆಸರು ಹುಡುಕಿದರು. ಹೆಸರು ಸಿಕ್ಕಿದರೆ ಡಬ್ಬ ಹೇಳಿದರು. ಕೆಲವಕ್ಕೆ ರಿಜಿಸ್ಟರ್ ಕೂಡ ಬೇಕಾಗಲಿಲ್ಲ.

“ಐದು ಜನ ಹುಡುಗ್ರು, ಕಾಲೇಜು... ಒಬ್ಬ ಕನ್ನಡಕ ಕೈಯಲ್ಲಿಡ್ಕೊಂಡಿದ್ದ. ಅಕ್ಕೊಳಪ್ಪ ಅಂದ್ರೆ, ಬ್ಯಾಡ ಸಾರ್ ಅಂದ. ಇಪ್ಪತ್ತೆರಡನೇ ಡಬ್ಬ. ಇತ್ತು ಮೇಡಂ.”

“ಇವ್ರು ತ್ಯಾಗರಾಜ ರೋಡ್ ಕಡೆಯೋರು. ಮದ್ವೆ ಆದ ಮಾರ್ನೆ ದಿನ ಬಂದಿದ್ರು, ಅರಿಶಿನ ಅಂಗೇ ಇತ್ತು ಕೈಯಲ್ಲಿ. ಇತ್ತು ಇದೂವೆ.”

“7316?” ಬೆರಳು ನಿಧಾನವಾಗಿ ಇಳಿಯಿತು. “ಜಮೀಲಾ ಬಿ. ಅಯ್ಯೋ, ಈವಮ್ಮ. ಲೈಟ್ ಬಿತ್ತು ಅಂದ್ರೆ ಕಣ್ಣು ಮುಚ್ಕೋತಿದ್ರು. ಅಣ್ಣ ಜೊತೆಗೆ ಬಂದಿದ್ದ, ಅವ್ನು ನಗೋನು, ಇವ್ರೂ ನಗೋರು. ನಾಕನೇ ಸಲಕ್ಕೆ ಸರ್ಯಾಗಿ ಬಂತು. ಮೂವತ್ತನೇ ಡಬ್ಬ.”

ಅಲ್ಲಿಗೆ ರಿಜಿಸ್ಟರ್ ಮುಚ್ಚಿದರು. “ಸಾಕು ಮೇಡಂ” ಅಂದರು.

ನೆಗೆಟಿವ್‌ಗಳನ್ನು ಈ ಯುಗಾದಿಯಾದ ಹದಿನೈದು ದಿನಕ್ಕೆ ಕೊಟ್ಟುಬಿಟ್ಟಿದ್ದರು. ಆಸ್ಪತ್ರೆಗಳ ಹಳೆಯ ಎಕ್ಸ್‌ರೇ ಹಾಳೆ ಕೊಳ್ಳುವವರಿರುತ್ತಾರಲ್ಲ, ಫಿಲಂ ತೊಳೆದು ಬೆಳ್ಳಿ ತೆಗೆಯುವವರು, ಅಂಥವರೊಬ್ಬರಿಗೆ. “ಮನ್ಸು ಬರ್ತಿರ್ಲಿಲ್ಲ ಮೇಡಂ. ನಿಮ್ಮ ಪೇಪರ್ ಬರಹ ಓದಿದ್ನಲ್ಲ, ದೀಪಾವಳೀದು. ಓದಿರೋರು, ನಾಲ್ಕು ಜನ ಬಲ್ಲೋರು, ನೀವೇ ಯಾರ್ಗೂ ಬ್ಯಾಡ ಅಂತ ಬರ್ದ ಮ್ಯಾಲೆ ನಂದೇನು ಅಂತ ಗಟ್ಟಿ ಮನ್ಸು ಮಾಡ್ಬುಟ್ಟೆ.”

ಕೊಂಡವರ ಶೆಡ್ಡು ಎಲ್ಲಿದೆ ಅಂತ ಕೇಳಿದೆ.

ಅದೇ ಮಧ್ಯಾಹ್ನ ಇಬ್ಬರೂ ಆಟೋ ಹಿಡಿದು ಆ ಕೊಳ್ಳುವವರ ಶೆಡ್ಡಿಗೆ ಹೋದೆವು. ಒಂದು ಡಬ್ಬವಾದರೂ ಮೂಲೆಯಲ್ಲಿ ಉಳಿದಿರಬಹುದು ಎಂಬ ಆಸೆ. ಒಳ್ಳೆಯ ಮನುಷ್ಯ ಆತ, ಟೀ ತರಿಸಿದ. ಡಬ್ಬಗಳು ಗೋಡೆಗೆ ಒರಗಿ ಸಾಲಾಗಿದ್ದವು, ಖಾಲಿ. ಹಿತ್ತಲಿನ ಡ್ರಮ್ಮುಗಳ ಪಕ್ಕ ತೊಳೆದ ಫಿಲಂ ರಾಶಿ. ಗಾಜಿನ ಹಾಗೆ ಬರೀ ಪಾರದರ್ಶಕ ಚೂರುಗಳು, ಏನೂ ಇಲ್ಲ. “ಅವತ್ತೇ ಹೇಳಿದ್ರೆ ಎತ್ತಿಡ್ತಿದ್ದೆ ಯಜಮಾನ್ರೇ” ಅಂದ.

ಸಿದ್ದರಾಜು ಬಗ್ಗಿ ಒಂದು ಚೂರು ಎತ್ತಿಕೊಂಡರು. ಬೆರಳಿನ ಗುರುತು ಬೀಳಬಾರದು ಅಂತ ಎರಡು ಅಂಚು ಮಾತ್ರ ಹಿಡಿದು, ಬೆಳಕಿಗೆ ಎತ್ತಿ ನೋಡಿದರು. ಐವತ್ತು ವರ್ಷದ ಅಭ್ಯಾಸ. ಅದರಾಚೆ ಆಕಾಶ ಮಾತ್ರ ಕಾಣುತ್ತಿತ್ತು. ಇನ್ನೊಂದು ಎತ್ತಿಕೊಂಡರು. ಮತ್ತೊಂದು. ನಾನು “ಬನ್ನಿ ಸರ್” ಅನ್ನುವವರೆಗೂ ಎತ್ತುತ್ತಲೇ ಇದ್ದರು.

ವಾಪಸ್ಸು ಬರುವಾಗ ಆಟೋದಲ್ಲಿ ನಾನು ಅತ್ತೆ. ಕ್ಷಮಿಸಿ ಅಂದೆ. ಎಷ್ಟು ಸಲ ಅಂದೆನೋ. ಅವರು ಬೈಯಲಿಲ್ಲ. ಬೈಯಲಿ ಅಂತ ಕಾದೆ. ಬೈಸಿಕೊಂಡರೆ ಸ್ವಲ್ಪವಾದರೂ ಹಗುರವಾಗುತ್ತದಲ್ಲ, ಆ ಸ್ವಾರ್ಥವೂ ನನ್ನಲ್ಲಿತ್ತು. “ನೀವೇನು ಬೇಕೂಂತ ಮಾಡಿದ್ರಾ, ಬುಡಿ” ಅಂದರು. ಆ ಮಾತಿನಲ್ಲಿ ಸಮಾಧಾನ ಏನೂ ಇರಲಿಲ್ಲ. ದಣಿದವರು ಮಾತು ಮುಗಿಸಲು ಹೇಳುವ ಮಾತು ಅದು.

ಮನುಷ್ಯರು ಮರೆಯುತ್ತಾರೆ, ಯಂತ್ರ ಮರೆಯುವುದಿಲ್ಲ ಅಂತ ನಾವು ಎಲ್ಲವನ್ನೂ ಆನ್‌ಲೈನ್ ಮಾಡುತ್ತಿದ್ದೇವೆ. ದೂರು ಕೊಡುವುದು, ಅರ್ಜಿ ಹಾಕುವುದು, ಆಸ್ಪತ್ರೆಯ ಟೋಕನ್, ದೇವರ ಸೇವೆ. ‘ನಿಮ್ಮ ಕೋರಿಕೆ ತಲುಪಿದೆ’ ಅನ್ನುತ್ತದೆ ಪರದೆ. ಯಾರಿಗೆ ತಲುಪಿದೆ? ಆ ಕಡೆ ಮನುಷ್ಯ ಇದ್ದಾನೆಯೇ? ಇಲ್ಲಿ ಇದ್ದರು ಕಣ್ರೀ, ಮನುಷ್ಯ ಇದ್ದರು. ಅಂಗಡಿಯ ಬಾಗಿಲು ತೆರೆದುಕೊಂಡು, ತಿಂಗಳ ಮೊದಲ ದಿನ ಎಣಿಸಿಕೊಂಡು, ಯಾರಾದರೂ ಕೇಳುತ್ತಾರೇನೋ ಅಂತ ಕಾಯುತ್ತಿದ್ದರು. ಈ ಕಡೆ ಕೇಳುವವರೂ ಇದ್ದರು. ನಡುವೆ ನನ್ನ ಕ್ಲೀನ್ ಆದ, ಚೆಂದದ ಹಳದಿ ಪುಟ ಇತ್ತು. ಅದಕ್ಕೊಂದು ಬಹುಮಾನವೂ ಬಂದಿತ್ತು, ಅದನ್ನು ನಿಮಗೆ ಹೇಳಿರಲಿಲ್ಲ.

ವೆಬ್‌ಸೈಟನ್ನು ಬುಧವಾರ ತೆಗೆದುಹಾಕಿದೆ. ತೆಗೆಯುವುದು ಬಹಳ ಸುಲಭ. ಕಷ್ಟ ಇರುವುದು ಉತ್ತರ ಬರೆಯುವುದರಲ್ಲಿ. ನೂರ ಹದಿನಾಲ್ಕು ಪತ್ರಕ್ಕೂ ಬರೆಯಲೇಬೇಕು. ಬರೆಯಬೇಕೆಂದೇ ಕೂತೆ. ‘ತಾಂತ್ರಿಕ ಕಾರಣಗಳಿಂದ’ ಎಂದು ಶುರು ಮಾಡಿ ಅಳಿಸಿದೆ. ‘ವಿಷಾದಿಸುತ್ತೇವೆ’ ಅಂದೆ, ಆ ‘ತ್ತೇವೆ’ಯಲ್ಲಿ ಇರುವ ಇನ್ನೊಬ್ಬರು ಯಾರು? ಅದನ್ನೂ ಅಳಿಸಿದೆ. ಕೊನೆಗೆ ಸಿದ್ದರಾಜುಗೆ ಫೋನ್ ಮಾಡಿದೆ. ತಪ್ಪೆಲ್ಲ ನನ್ನದೇ ಅಂತ ಬರೆಯುತ್ತೇನೆ, ನಿಮ್ಮ ಹೆಸರಿಗೆ ಮಸಿ ಬಳಿಯಲ್ಲ ಅಂದೆ.

ಅವರ ಹಿಂದೆ ಸ್ವೀಟ್ ಅಂಗಡಿಯ ಗ್ರೈಂಡರ್ ಸದ್ದು ಕೇಳುತ್ತಿತ್ತು.

“ಅದೆಲ್ಲ ಬ್ಯಾಡ ಮೇಡಂ. ಜೋಪಾನವಾಗಿ ಮಡಗ್ತೀನಿ ಅಂತ ಪ್ರಿಂಟ್ ಮಾಡ್ಸಿದ್ದು ನಾನು, ನೀವಲ್ಲ. ಮಾರ್ಬುಟ್ಟೆ ಅಂತ ಬರೀಬ್ಯಾಡಿ. ಆ ಹೆಣ್ಮಗಳು, ತಾಯಿ ಮುಖ ನೋಡಿಲ್ಲ ಅಂದ್ರಲ್ಲ, ಅವಳ್ಗಂತೂ ಬರೀಲೇಬ್ಯಾಡಿ. ಸ್ಟುಡಿಯೋ ಸಿದ್ದರಾಜು ತೀರೋದ, ಅವನ ಜೊತೆ ಎಲ್ಲಾ ಓಯ್ತು ಅಂತ ಬರೀರಿ. ಸತ್ತೋನ್ನ ಯಾರೂ ಬಯ್ಯಕ್ಕಿಲ್ಲ.”

ಶಾಹೀನ್ ಕೇಳಿದ್ದು ಒಂದು ಸಾಲು. ಆ ಒಂದು ಸಾಲಿನಲ್ಲಿ ಬದುಕಿರುವ ಮನುಷ್ಯನನ್ನು ಸಾಯಿಸಲೇ, ಇಲ್ಲ ನಿಜ ಬರೆದು ಅವಳ ತಾಯಿಯನ್ನು ಇನ್ನೊಮ್ಮೆ ಸಾಯಿಸಲೇ?